ಹಳೆಯ ರೇಂಜ್ ರೋವರ್‌ಗೆ ಡೀಸೆಲ್ ಎಂಜಿನ್: ಕೆಡುವುದು ಎಲ್ಲಿ?

ಹಳೆಯ ಪೆಟ್ರೋಲ್ ರೇಂಜ್ ರೋವರ್ ಇಟ್ಟುಕೊಂಡವರಿಗೆ ಅದರ 3.5 ಲೀಟರ್ ವಿ8 ಎಂಜಿನ್ನಿನ ಸದ್ದು ಇಷ್ಟ, ಬಂಕಿನ ಬಿಲ್ಲು ಕಷ್ಟ. ಡೀಸೆಲ್‌ಗೆ ಬದಲಿಸುವ ಆಸೆ ಹುಟ್ಟುವುದು ಅಲ್ಲಿಂದಲೇ. ಚೈನ್ ಪುಲ್ಲಿ ಇದ್ದರೆ ಹಳೆಯ ಎಂಜಿನ್ ಇಳಿಸುವುದು ಒಂದು ದಿನದ ಕೆಲಸ. ಆದರೂ ಮುಂಬೈ–ಪುಣೆಯ ಗ್ಯಾರೇಜುಗಳಲ್ಲಿ ಅರ್ಧಕ್ಕೆ ನಿಂತ, ಇಲ್ಲವೇ ಕೆಲಸ ಮುಗಿದೂ ಕ್ಲಚ್ ನಡುಗುವ ಗಾಡಿಗಳು ಕಾಣುತ್ತವೆ. ಕಾರಣ ಹೆಚ್ಚಾಗಿ ಎರಡೇ: ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಗೆರೆಗೆ ಕೂತಿರುವುದಿಲ್ಲ, ಇಲ್ಲವೇ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ (ಗಾಳಿಯ ಹೀರುವಿಕೆ) ಯಾರ ತಲೆಗೂ ಹೊಳೆದಿರುವುದಿಲ್ಲ.

ಮೊದಲು ಆರ್‌ಟಿಒ, ಆಮೇಲೆ ಪಾನಾ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಮನಬಂದಂತೆ ಬದಲಿಸುವಂತಿಲ್ಲ. ಎಂಜಿನ್ ನಂಬರು, ಇಂಧನ, ಸಿಸಿ ಮೂರೂ ಆರ್‌ಸಿಯಲ್ಲಿವೆ. ಗಾಡಿ ನೋಂದಣಿಯಾದ ಆರ್‌ಟಿಒದಿಂದ ಮೊದಲೇ ಬರಹದಲ್ಲಿ ಅನುಮತಿ ಪಡೆಯಿರಿ. ಸಿಗದಿದ್ದರೆ ಅಲ್ಲಿಗೇ ಬಿಡಿ. ಕೆಎ ನಂಬರಿನ ಗಾಡಿಯನ್ನು ಪುಣೆಯಲ್ಲಿ ಓಡಿಸುತ್ತಿರುವ ನಮ್ಮವರು ಮೊದಲು ಎನ್‌ಒಸಿ ತಂದು ಎಂಎಚ್ ನಂಬರು ಮಾಡಿಸಿಕೊಳ್ಳುವುದು ಒಳ್ಳೆಯದು, ಎರಡು ರಾಜ್ಯಗಳ ಕಚೇರಿಗೆ ಅಲೆಯುವುದು ತಪ್ಪುತ್ತದೆ. ಎಂಜಿನ್ನಿಗೆ ಬಿಲ್ಲು ಇರಲೇಬೇಕು. ವಿಮಾ ಕಂಪನಿಗೂ ತಿಳಿಸಿ. ‘ಕಾಗದ ಆಮೇಲೆ ನೋಡೋಣ’ ಎನ್ನುವ ಮೆಕ್ಯಾನಿಕ್ಕು, ಅಪಘಾತವಾಗಿ ಕ್ಲೇಮ್ ತಿರಸ್ಕಾರವಾದ ದಿನ ಫೋನ್ ಎತ್ತುವುದಿಲ್ಲ.

ಯಾವ ಎಂಜಿನ್?

ಲ್ಯಾಂಡ್ ರೋವರಿನದೇ ಟರ್ಬೊ ಡೀಸೆಲ್ ಎಂಜಿನ್, 300ಟಿಡಿಐ. ಬೇರೆ ಯೋಚನೆ ಬೇಡ. 2.5 ಲೀಟರ್, 111 ಅಶ್ವಶಕ್ತಿ, 1800 ಆರ್‌ಪಿಎಂನಲ್ಲೇ 265 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಮ್ಯಾನುವಲ್ ಗಾಡಿಯಿಂದ ತೆಗೆದದ್ದನ್ನೇ ಕೇಳಿ. ಆಟೊಮ್ಯಾಟಿಕ್ ಗಾಡಿಗಳ ಕೆಲವು ಎಂಜಿನ್ನುಗಳಲ್ಲಿ ಎಲೆಕ್ಟ್ರಾನಿಕ್ ಪಂಪ್ ಇರುತ್ತದೆ, ಅದರ ವೈರಿಂಗ್ ಹೊಸ ತಲೆನೋವು. ಮುಂಬೈನ ಹಳೆಯ ಬಿಡಿಭಾಗಗಳ ಪೇಟೆಯಾದ ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಿ ಹುಡುಕುವಾಗ ಎಂಜಿನ್ ಜೊತೆ ಅದರದೇ ಆರ್380 ಗೇರ್‌ಬಾಕ್ಸ್, ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಎಲ್‌ಟಿ230 ಟ್ರಾನ್ಸ್‌ಫರ್ ಕೇಸ್ ಸಿಕ್ಕರೆ ದುಡ್ಡು ಹೆಚ್ಚಾದರೂ ಇಡೀ ಸೆಟ್ ಕೊಳ್ಳಿ. ಮುಂದೆ ಬರುವ ಅಡಾಪ್ಟರ್ ಪ್ಲೇಟಿನ ಪುರಾಣವೇ ಬೇಕಾಗುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಹೈ ರೇಶಿಯೊ (ಸಾಮಾನ್ಯ ರಸ್ತೆಗೆ ಬಳಸುವ ಗೇರ್ ಅನುಪಾತ) 1.222 ಇರಲಿ. ಡಿಫೆಂಡರಿನ 1.41 ಹಾಕಿದರೆ ಎಕ್ಸ್‌ಪ್ರೆಸ್‌ವೇಯಲ್ಲಿ 100 ಕಿ.ಮೀ. ವೇಗಕ್ಕೆ ಎಂಜಿನ್ 2400ರ ಬದಲು 2800 ಆರ್‌ಪಿಎಂನಲ್ಲಿ ಅರಚುತ್ತದೆ.

ಅಗ್ಗ ಎಂದು ಬಜಾಜ್ ಟೆಂಪೊದ ಮೆಟಾಡೋರ್ ವ್ಯಾನಿನ ಎಂಜಿನ್ ಕೂರಿಸುವವರು ಇದ್ದಾರೆ. ಪುಣೆ ಬಳಿಯ ಆಕುರ್ಡಿ ಕಾರ್ಖಾನೆಯ ಆ ಎಂಜಿನ್ ಗಟ್ಟಿಮುಟ್ಟು, ತಕರಾರಿಲ್ಲ. ಆದರೆ ಟರ್ಬೊ ಇಲ್ಲದ 2.4 ಲೀಟರ್ ಎಂಜಿನ್, ಎರಡು ಟನ್ನಿಗೆ ಹತ್ತಿರದ ಗಾಡಿಯನ್ನು ಘಾಟಿನಲ್ಲಿ ಎಳೆಯುವಾಗ ಲಾರಿಗಳೇ ಹಾರ್ನ್ ಹೊಡೆದು ಮುಂದೆ ಹೋಗುತ್ತವೆ. ಕಂಪ್ಯೂಟರ್ ಹತೋಟಿಯ ಕಾಮನ್ ರೈಲ್ ಡೀಸೆಲ್ ಎಂಜಿನ್ ಬೇಕೇ ಬೇಕೆಂದರೆ ಅದೇ ಗಾಡಿಯ ಇಸಿಯು (ಎಂಜಿನ್ನಿನ ಕಂಪ್ಯೂಟರ್), ಪೂರ್ತಿ ವೈರಿಂಗ್, ಕೀಲಿ, ಇಮ್ಮೊಬಿಲೈಸರ್, ಆಕ್ಸಿಲರೇಟರ್ ಪೆಡಲ್ ಎಲ್ಲ ಒಟ್ಟಿಗೆ ತನ್ನಿ. ಒಂದು ಬಿಟ್ಟುಹೋದರೂ ಎಂಜಿನ್ ಮಿಸುಕುವುದಿಲ್ಲ.

ಎಂಜಿನ್ ನೆಲದ ಮೇಲಿರುವಾಗಲೇ ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಹಿಂದಿನ ಆಯಿಲ್ ಸೀಲ್ ಬದಲಿಸಿ.

ಅಡಾಪ್ಟರ್ ಪ್ಲೇಟ್: ಅವಸರ ಬೇಡ

ವಿ8ರ ಗೇರ್‌ಬಾಕ್ಸನ್ನೇ ಉಳಿಸಿಕೊಂಡು ಬೇರೆ ಎಂಜಿನ್ ಕೂರಿಸುವುದಾದರೆ ನಡುವೆ ಪ್ಲೇಟ್ ಬೇಕು. ರಟ್ಟಿನ ಮೇಲೆ ಬೋಲ್ಟ್ ತೂತುಗಳ ಅಚ್ಚು ತೆಗೆದು, ಅದರಂತೆ ಡ್ರಿಲ್ ಹೊಡೆದು ಕೊಡುವುದು ಬಹಳ ಕಡೆ ನಡೆಯುವ ಅಡ್ಡದಾರಿ. ಬೋಲ್ಟಿಗೂ ತೂತಿಗೂ ನಡುವೆ ಅರ್ಧ ಮಿಲಿಮೀಟರಿನಷ್ಟು ಆಟ ಇದ್ದೇ ಇರುತ್ತದೆ. ಬೋಲ್ಟಿನ ಕೆಲಸ ಬಿಗಿಯುವುದು. ಜಾಗ ಹಿಡಿದಿಡುವುದು ಡೋವೆಲ್ ಪಿನ್ನಿನ ಕೆಲಸ.

ಪ್ಲೇಟಿಗೆ 6061-ಟಿ6 ದರ್ಜೆಯ ಅಲ್ಯೂಮಿನಿಯಂ, 20 ಮಿ.ಮೀ. ದಪ್ಪ. ಹೊರಗಿನ ಆಕಾರ ಲೇಸರಿನಲ್ಲಿ ಕತ್ತರಿಸಿದರೆ ಸಾಕು, ಆದರೆ ನಡುವಿನ ಬೋರ್ (ದೊಡ್ಡ ದುಂಡು ತೂತು) ಮತ್ತು ಡೋವೆಲ್ ತೂತುಗಳನ್ನು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದಲ್ಲೇ ಮಾಡಿಸಿ. ಪುಣೆ ಬಳಿಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಇಂಥ ಕೆಲಸದ ಶಾಪುಗಳಿಗೆ ಕೊರತೆಯಿಲ್ಲ.

ಇನ್ನು ಅಳತೆ. ಕ್ಲಚ್ ಹಾಕದೆ ಪ್ಲೇಟ್ ಮತ್ತು ಬೆಲ್ ಹೌಸಿಂಗನ್ನು (ಕ್ಲಚ್ಚನ್ನು ಸುತ್ತುವರಿಯುವ, ಗೇರ್‌ಬಾಕ್ಸಿನ ಮುಂದಿನ ಚಿಪ್ಪು) ಎಂಜಿನ್ನಿಗೆ ಬಿಗಿಯಿರಿ. ಮ್ಯಾಗ್ನೆಟಿಕ್ ಬೇಸ್ ಇರುವ ಡಯಲ್ ಗೇಜನ್ನು ಫ್ಲೈವೀಲಿಗೆ ಅಂಟಿಸಿ, ಮುಳ್ಳಿನ ತುದಿ ಹೌಸಿಂಗಿನ ನಡುಬೋರಿನ ಒಳಗೋಡೆಗೆ ತಾಗಲಿ. ಗ್ಲೋ ಪ್ಲಗ್ ಬಿಚ್ಚಿಟ್ಟರೆ ಕ್ರ್ಯಾಂಕ್ ಕೈಯಲ್ಲೇ ತಿರುಗುತ್ತದೆ. ಒಂದು ಪೂರ್ತಿ ಸುತ್ತಿನಲ್ಲಿ ಮುಳ್ಳು ತೋರುವ ಅತಿ ಹೆಚ್ಚು ಮತ್ತು ಅತಿ ಕಡಿಮೆಯ ಅಂತರ 0.13 ಮಿ.ಮೀ. ದಾಟಬಾರದು. ದಾಟಿದರೆ ಆ ಅಂತರದ ಅರ್ಧದಷ್ಟು ನಡುಬಿಂದು ಸರಿದಿದೆ ಎಂದರ್ಥ: 0.40 ಬಂದರೆ ಪ್ಲೇಟನ್ನು 0.20 ಸರಿಸಬೇಕು. ಬೋಲ್ಟ್ ಸ್ವಲ್ಪ ಸಡಿಲಿಸಿ, ನೈಲಾನ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಮತ್ತೆ ಬಿಗಿದು, ಮತ್ತೆ ಅಳೆಯಿರಿ. ಲೆಕ್ಕ ಕೂತ ಮೇಲಷ್ಟೇ ಡೋವೆಲ್ ತೂತನ್ನು ರೀಮರ್ ಹಾಕಿ ಕೊನೆಯ ಅಳತೆಗೆ ತಂದು ಪಿನ್ ಹೊಡೆಯಿರಿ.

ಆಮೇಲೆ ಮುಳ್ಳನ್ನು ಗೇರ್‌ಬಾಕ್ಸ್ ಕೂರುವ ಮುಖಕ್ಕೆ ತಿರುಗಿಸಿ ಇನ್ನೊಂದು ಸುತ್ತು. ಮಿತಿ ಇಲ್ಲೂ ಅದೇ 0.13 ಮಿ.ಮೀ. ಈ ಸಲ ಕ್ರ್ಯಾಂಕನ್ನು ಒಂದೇ ಕಡೆ ಒತ್ತಿ ಹಿಡಿದು ತಿರುಗಿಸಬೇಕು. ಇಲ್ಲದಿದ್ದರೆ ಅದು ಹಿಂದೆ ಮುಂದೆ ಸರಿಯುವುದೇ ಅಳತೆಯೊಳಗೆ ಸೇರಿಕೊಂಡು, ಸರಿಯಿದ್ದ ಪ್ಲೇಟನ್ನು ಕೆಡಿಸಿಬಿಡುತ್ತೀರಿ.

ಪ್ಲೇಟ್ 20 ಮಿ.ಮೀ. ಇದ್ದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟೂ ಅಷ್ಟೇ ಹಿಂದೆ ಸರಿಯುತ್ತದೆ. ಅದರ ತುದಿ, ಅದಕ್ಕೆ ಆಸರೆಯಾಗುವ ಕ್ರ್ಯಾಂಕಿನ ಪೈಲಟ್ ಬುಷ್‌ನೊಳಗೆ ಸರಿಯಾಗಿ ಕೂರದಿದ್ದರೆ ಉದ್ದದ ಬುಷ್ ಲೇತಿನಲ್ಲಿ ಮಾಡಿಸಿ. ಇದನ್ನು ಮರೆತ ಗಾಡಿಗಳಲ್ಲೇ ಕ್ಲಚ್ ಬಿಡುವಾಗ ನಡುಕ, ಮೊದಲ ಗೇರಿಗೆ ಕರಕರ ಸದ್ದು, ಕೆಲವು ಸಾವಿರ ಕಿ.ಮೀ.ಗೆ ಕ್ಲಚ್ ಪ್ಲೇಟಿನ ನಡುಭಾಗ ಕಿತ್ತುಬರುವುದು. ಜನ ಕ್ಲಚ್ ಕಂಪನಿಗೆ ಬೈಯುತ್ತಾರೆ.

ಮೌಂಟಿಂಗ್

ಗೇರ್‌ಬಾಕ್ಸ್ ಜೋಡಿಸಿದ ಎಂಜಿನ್ನನ್ನು ತೂಗುಹಾಕಿಯೇ ಬ್ರ್ಯಾಕೆಟ್ ಅಳತೆ ತೆಗೆಯಿರಿ. ಮೊದಲು ಬರೀ ಚುಕ್ಕೆ ವೆಲ್ಡಿಂಗ್. ಮುಂದಿನ ಸ್ಪ್ರಿಂಗ್ ತೆಗೆದು ಜ್ಯಾಕಿನಿಂದ ಆಕ್ಸಲನ್ನು ಬಂಪ್ ಸ್ಟಾಪಿನವರೆಗೆ ಎತ್ತಿ: ಆಯಿಲ್ ಸಂಪಿಗೂ ಡಿಫರೆನ್ಷಿಯಲ್ಲಿಗೂ ನಡುವೆ ಕನಿಷ್ಠ 25 ಮಿ.ಮೀ. ಉಳಿಯಬೇಕು. ಬಾನೆಟ್ಟಿಗೆ ಗಣಪತಿ ಮಾಡುವ ಶಾಡೂ ಮಣ್ಣೇ ಸಾಕು. ಎಂಜಿನ್ನಿನ ಅತಿ ಎತ್ತರದ ಜಾಗದಲ್ಲಿ ಒಂದು ಉಂಡೆ ಇಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಬಾನೆಟ್ ಮುಚ್ಚಿ ತೆಗೆಯಿರಿ. ಚಪ್ಪಟೆಯಾದ ಉಂಡೆಯ ದಪ್ಪವೇ ಉಳಿದ ಜಾಗ. 20 ಮಿ.ಮೀ.ಗಿಂತ ಕಡಿಮೆ ಇದ್ದರೆ ಎಂಜಿನ್ ಅಲುಗಿದಾಗ ತಗಡಿಗೆ ಬಡಿಯುತ್ತದೆ. ಎಲ್ಲ ಸರಿ ಕಂಡ ಮೇಲೆ ಪೂರ್ತಿ ವೆಲ್ಡಿಂಗ್.

ಬ್ರೇಕಿನ ವ್ಯಾಕ್ಯೂಮ್

ಪೆಟ್ರೋಲ್ ಎಂಜಿನ್ನಿನಲ್ಲಿ, ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಸಿಗುವುದು ಇನ್‌ಟೇಕ್ ಮ್ಯಾನಿಫೋಲ್ಡಿನಿಂದ. ಡೀಸೆಲ್ಲಿನಲ್ಲಿ ಗಾಳಿಯನ್ನು ತಡೆಯುವ ಥ್ರಾಟಲ್ ಇಲ್ಲ, ಹೀಗಾಗಿ ಅಲ್ಲಿ ವ್ಯಾಕ್ಯೂಮೂ ಇಲ್ಲ. ಹಳೆಯ ಪೈಪನ್ನು ಹಾಗೇ ಮ್ಯಾನಿಫೋಲ್ಡಿಗೆ ಸಿಕ್ಕಿಸಿದರೆ ಪೆಡಲ್ ಕಲ್ಲಾಗುತ್ತದೆ, ಗಾಡಿ ನಿಲ್ಲುವುದಿಲ್ಲ. 300ಟಿಡಿಐನಲ್ಲಿ ಪಂಪ್ ಎಂಜಿನ್ನಿಗೇ ಜೋಡಿಸಿ ಬರುತ್ತದೆ. ಬೇರೆ ಎಂಜಿನ್ನಿಗೆ ಆಲ್ಟರ್ನೇಟರಿನ ಬೆನ್ನಿಗಿರುವ ಪಂಪ್ ಬಳಸುವುದಾದರೆ ಅದಕ್ಕೆ ಆಯಿಲ್ ಒಳಗೆ ಬರುವ ಸಣ್ಣ ಪೈಪು, ಸಂಪಿಗೆ ವಾಪಸು ಹೋಗುವ ದೊಡ್ಡ ಪೈಪು ಎರಡೂ ಬೇಕು. ವಾಪಸಿನ ಪೈಪು ಎಲ್ಲೂ ಮೇಲಕ್ಕೆ ಬಾಗದೆ ಇಳಿಜಾರಾಗಿಯೇ ಸಾಗಬೇಕು.

ಉಳಿದದ್ದು

ಟ್ಯಾಂಕ್ ತೊಳೆಸಿ, ಒಳಗಿನ ಪೆಟ್ರೋಲ್ ಪಂಪ್ ತೆಗೆಯಿರಿ, ರಿಟರ್ನ್ ಲೈನ್ ಹಾಕಿ. ನೀರು ಬೇರ್ಪಡಿಸುವ ಫಿಲ್ಟರ್ ಕಡ್ಡಾಯ. ಕೊಂಕಣ, ಗೋವಾದ ಮಳೆಗಾಲದಲ್ಲಿ ವಾರಕ್ಕೊಮ್ಮೆ ಅದರ ಕೆಳಗಿನ ಸ್ಕ್ರೂ ಬಿಚ್ಚಿ ನೋಡಿ. ಗಲ್ವನೈಸ್ಡ್ ಪೈಪು ಬೇಡ, ಡೀಸೆಲ್ ಅದರ ಸತುವನ್ನು ಕರಗಿಸಿ ಇಂಜೆಕ್ಟರಿಗೆ ತಲುಪಿಸುತ್ತದೆ. ಹಳೆಯ ಟ್ಯಾಕೊಮೀಟರಿಗೆ ಇಗ್ನಿಷನ್ ಕಾಯಿಲ್ಲಿನ ಸಿಗ್ನಲ್ ಇನ್ನು ಬರುವುದಿಲ್ಲ, ಆಲ್ಟರ್ನೇಟರಿನ ಡಬ್ಲ್ಯು ಟರ್ಮಿನಲ್ಲಿಗೆ ಒಗ್ಗುವ ಮೀಟರ್ ಹಾಕಿಸಿ. ಬ್ಯಾಟರಿ ದೊಡ್ಡದು, ಅರ್ತ್ ವೈರ್ ದಪ್ಪದ್ದು.

ಪರೀಕ್ಷೆಗೆ ಬೆಳಗಾವಿ–ಗೋವಾ ದಾರಿಯ ಚೋರ್ಲಾ ಘಾಟ್. ಗೋವಾದ ಸಾಂಖಳಿ ಕಡೆಯಿಂದ ಎಸಿ ಹಾಕಿಕೊಂಡೇ ಹತ್ತಿ, ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ. ಅದು ಏರುತ್ತಲೇ ಹೋದರೆ ಫ್ಯಾನಿನ ಸುತ್ತಲಿನ ಕೌಲ್ (ಗಾಳಿಯನ್ನು ರೇಡಿಯೇಟರ್ ಮೂಲಕವೇ ಎಳೆಯಿಸುವ ಕವಚ) ಮತ್ತು ಇಂಟರ್‌ಕೂಲರಿನ ಜಾಗವನ್ನು ಮೊದಲು ನೋಡಿ, ಥರ್ಮೋಸ್ಟಾಟ್ ಕಿತ್ತೆಸೆಯುವ ಸಲಹೆಗೆ ಕಿವಿಗೊಡಬೇಡಿ. 500 ಕಿ.ಮೀ. ಆದ ಮೇಲೆ ಅಡಾಪ್ಟರ್ ಮತ್ತು ಮೌಂಟಿಂಗ್ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಬಿಗಿಯಿರಿ.