ಸೆಪ್ಸಿಸ್ ಎಚ್ಚರಿಕೆಯನ್ನು ವಾರ್ಡಿನ ಸಿಬ್ಬಂದಿಗೆ ನೆರವಾಗುವಂತೆ ರೂಪಿಸುವುದು ಹೇಗೆ?

ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆಯೇ ಹತೋಟಿ ತಪ್ಪಿ ಅಂಗಾಂಗಗಳನ್ನು ಕೆಡಿಸತೊಡಗಿದಾಗ ಅದನ್ನು ಸೆಪ್ಸಿಸ್ ಎನ್ನುತ್ತಾರೆ. ರೋಗಿ ಆಘಾತದ (ಶಾಕ್, ಅಂದರೆ ರಕ್ತದೊತ್ತಡ ಅಪಾಯಕರವಾಗಿ ಕುಸಿದ) ಸ್ಥಿತಿಯಲ್ಲಿದ್ದರೆ ಗುರುತಿಸಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಕೊಡಬೇಕೆಂದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಆಘಾತವಿಲ್ಲದೆ ಬರಿಯ ಸಂಶಯವಿದ್ದರೆ ಬೇಗನೆ ತಪಾಸಣೆ ನಡೆಸಿ, ಸಂಶಯ ಉಳಿದಲ್ಲಿ ಮೂರು ಗಂಟೆಯೊಳಗೆ ಕೊಡಲು ಸೂಚಿಸುತ್ತದೆ. ಆದ್ದರಿಂದ ಆಸ್ಪತ್ರೆಯ ತಂತ್ರಾಂಶ ಕೊಡುವ ಎಚ್ಚರಿಕೆಯಲ್ಲೂ ಎರಡು ಹಂತಗಳಿರಲಿ. ಪರದೆಯನ್ನೇ ಆವರಿಸಿ ಕೆಲಸ ತಡೆಯುವ ಸಂದೇಶ ಆಘಾತದಲ್ಲಿರುವ ರೋಗಿಗಳಿಗೆ ಮಾತ್ರ ಮೀಸಲಾಗಿರಬೇಕು. ಉಳಿದವರ ಹೆಸರು ವಾರ್ಡಿನ ಪಟ್ಟಿಯಲ್ಲಿ ಮೇಲೆ ಬಂದರೆ ಸಾಕು.

ರೋಗಿಯ ಸ್ಥಿತಿ ಎಷ್ಟು ಕೆಟ್ಟಿದೆ ಎಂದು ಅಂಕ ಹಾಕಲು ಬ್ರಿಟನ್ನಿನ ನ್ಯೂಸ್-2 ಎಂಬ ಪದ್ಧತಿ ಒಳ್ಳೆಯ ಆಧಾರ. ಉಸಿರಾಟ, ಆಮ್ಲಜನಕ, ರಕ್ತದೊತ್ತಡ, ನಾಡಿ, ಪ್ರಜ್ಞೆ ಮತ್ತು ಉಷ್ಣಾಂಶಗಳನ್ನು ಅಳೆಯುವ ಈ ಪದ್ಧತಿಯಲ್ಲಿ ಒಟ್ಟು 5 ಅಥವಾ 6 ಬಂದರೆ ತ್ವರಿತ ಪರೀಕ್ಷೆ, 7 ಅಥವಾ ಹೆಚ್ಚು ಬಂದರೆ ತುರ್ತು ಕ್ರಮ. ಹದಿನಾರು ವರ್ಷದೊಳಗಿನವರಿಗೂ ಗರ್ಭಿಣಿಯರಿಗೂ ಇದು ಸಲ್ಲದು. ಅವರಿಗೆ ಬೇರೆ ಅಳತೆಯೇ ಬೇಕು. ನಮ್ಮ ವಾರ್ಡುಗಳಲ್ಲಿ ಜ್ವರವನ್ನು ಫ್ಯಾರನ್‌ಹೀಟ್‌ನಲ್ಲಿ ಬರೆಯುವುದು ರೂಢಿ, ನ್ಯೂಸ್-2 ಇರುವುದು ಸೆಲ್ಸಿಯಸ್‌ನಲ್ಲಿ. ಈ ಪರಿವರ್ತನೆಯನ್ನು ತಂತ್ರಾಂಶವೇ ಮಾಡಬೇಕು.

ಸಂದೇಶದ ಮಾತುಗಳ ಮೇಲೆ ಹೆಚ್ಚು ಶ್ರಮ ಹಾಕಿ. ‘ಸೆಪ್ಸಿಸ್ ಅಪಾಯ ಅಧಿಕ’ ಎಂದಷ್ಟೇ ಬಂದರೆ, ಇಪ್ಪತ್ತು ಹಾಸಿಗೆಗಳನ್ನು ನೋಡಿಕೊಳ್ಳುವ ರಾತ್ರಿ ಪಾಳಿಯ ಸ್ಟಾಫ್ ನರ್ಸ್ ಕಡತ ತೆರೆದು ಕಾರಣ ಹುಡುಕಬೇಕಾಗುತ್ತದೆ. ಅದರ ಬದಲು ಹೀಗಿರಲಿ: ‘ಹಾಸಿಗೆ 14. ಉಸಿರಾಟ 26 (ಎರಡು ಗಂಟೆ ಹಿಂದೆ 18), ರಕ್ತದೊತ್ತಡ 94, ನಾಡಿ 112, ಜ್ವರ 101.5. ಒಟ್ಟು ಅಂಕ 8. ವೈದ್ಯರನ್ನು ಕರೆಯಿರಿ, ಲ್ಯಾಕ್ಟೇಟ್ ಮತ್ತು ಬ್ಲಡ್ ಕಲ್ಚರ್‌ಗೆ ರಕ್ತ ತೆಗೆಯಿರಿ.’ (ಲ್ಯಾಕ್ಟೇಟ್ ಅಂಗಾಂಗಗಳಿಗೆ ರಕ್ತ ಸಾಲದಿರುವುದರ ಸುಳಿವು ಕೊಡುವ ಪರೀಕ್ಷೆ, ಬ್ಲಡ್ ಕಲ್ಚರ್ ರಕ್ತದಲ್ಲಿ ಸೋಂಕಾಣುವನ್ನು ಹುಡುಕುವ ಪರೀಕ್ಷೆ.) ಕಾರಣವೂ ಮುಂದಿನ ಕೆಲಸವೂ ಒಂದೇ ನೋಟಕ್ಕೆ ಸಿಗುತ್ತವೆ. ವೈದ್ಯರನ್ನು ಕರೆಯುವ ಗುಂಡಿ ಅದೇ ಪರದೆಯಲ್ಲಿರಲಿ. ನಿಗದಿತ ಹೊತ್ತಿನಲ್ಲಿ ಯಾರೂ ಸ್ಪಂದಿಸದಿದ್ದರೆ ಸಂದೇಶ ತಾನಾಗಿ ಹಿರಿಯರಿಗೆ ಹೋಗಲಿ.

ಚಿಕಿತ್ಸೆ ಆರಂಭವಾದ ರೋಗಿಯ ಬಗ್ಗೆ ಅದೇ ಎಚ್ಚರಿಕೆ ಮತ್ತೆ ಮತ್ತೆ ಬರಬಾರದು. ಸಂದೇಶವನ್ನು ಬದಿಗಿಡುವವರಿಗೆ ‘ಸೋಂಕಿಲ್ಲ’, ‘ಚಿಕಿತ್ಸೆ ನಡೆಯುತ್ತಿದೆ’, ‘ಅಳತೆ ತಪ್ಪಾಗಿದೆ’ ಎಂಬಂಥ ಮೂರು ನಾಲ್ಕು ಆಯ್ಕೆಗಳನ್ನು ಕೊಟ್ಟರೆ, ಮುಂದೆ ಎಲ್ಲಿ ತಿದ್ದಬೇಕೆಂಬುದು ಆ ಉತ್ತರಗಳಿಂದಲೇ ತಿಳಿಯುತ್ತದೆ.

ಇಷ್ಟೆಲ್ಲ ಮಾಡಿದರೂ ಉಸಿರಾಟವನ್ನು ಎಣಿಸದೆ ಎಲ್ಲರಿಗೂ 18 ಅಥವಾ 20 ಎಂದು ಬರೆಯುವ ಅಭ್ಯಾಸವಿದ್ದಲ್ಲಿ ಎಚ್ಚರಿಕೆ ಮೊಳಗದೆಯೇ ಹೋಗಬಹುದು. ಹೀಗಾಗಿ ಪೂರ್ತಿ ಒಂದು ನಿಮಿಷ ಎಣಿಸಲು ನಮೂನೆಯಲ್ಲೇ ಗಡಿಯಾರ ಇಟ್ಟುಕೊಡುವುದನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ.

ಸಿಬ್ಬಂದಿಗೆ ತೋರಿಸುವ ಮೊದಲು ಕೆಲವು ವಾರ ವ್ಯವಸ್ಥೆಯನ್ನು ಮೌನವಾಗಿ ಓಡಿಸಿ, ಎಚ್ಚರಿಕೆಗಳನ್ನು ಕೇಸ್ ಶೀಟ್‌ಗಳೊಂದಿಗೆ ತಾಳೆ ನೋಡಿ. ಅಮೆರಿಕದ ಮಿಷಿಗನ್‌ನಲ್ಲಿ ವ್ಯಾಪಕ ಬಳಕೆಯಲ್ಲಿದ್ದ ತಂತ್ರಾಂಶವೊಂದನ್ನು ಹೀಗೆ ಪರಿಶೀಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದು ದಾಖಲಾದ ಪ್ರತಿ ನೂರರಲ್ಲಿ 18 ಮಂದಿಯ ಬಗ್ಗೆ ಎಚ್ಚರಿಸಿಯೂ ಸೆಪ್ಸಿಸ್ ಆದವರಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿಯನ್ನು ಗುರುತಿಸದೆ ಬಿಟ್ಟದ್ದು ಕಂಡುಬಂತು. ಆದ್ದರಿಂದ ಸುಳ್ಳು ಎಚ್ಚರಿಕೆಗಳನ್ನು ಎಣಿಸಿ ಸುಮ್ಮನಾಗಬೇಡಿ. ಸೆಪ್ಸಿಸ್ ಎಂದು ಖಚಿತವಾಗಿಯೂ ಎಚ್ಚರಿಕೆ ಬಾರದೆ ಉಳಿದ ಪ್ರತಿಯೊಬ್ಬ ರೋಗಿಯ ಕೇಸ್ ಶೀಟನ್ನು ಸ್ಟಾಫ್ ನರ್ಸ್ ಮತ್ತು ವೈದ್ಯರ ಜೊತೆ ಕುಳಿತು, ಗಂಟೆ ಗಂಟೆಯ ದಾಖಲೆಯಂತೆ ಓದಿ.