ಮಕ್ಕಳು ಮಲಗಿದ ಮೇಲಿನ ಮೊದಲ ಗಂಟೆ

ಮಕ್ಕಳಿರುವ ಮನೆಯಲ್ಲಿ ಗಂಡ ಹೆಂಡತಿಗೆ ಹೊತ್ತೇ ಸಿಗುವುದಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಸಿಗುತ್ತದೆ, ಆದರೆ ದಿನದ ಕೆಲಸವೆಲ್ಲ ಮುಗಿದ ಮೇಲೆ ಸಿಗುತ್ತದೆ. ಅಷ್ಟರಲ್ಲಿ ಒಬ್ಬರಿಗೆ ತೂಕಡಿಕೆ, ಇನ್ನೊಬ್ಬರ ಕೈಯಲ್ಲಿ ಮೊಬೈಲ್. ನಾವು ಮಾಡಿಕೊಂಡ ಏರ್ಪಾಡಿನ ತಿರುಳು ಈ ಕ್ರಮವನ್ನು ತಿರುವಿ ಹಾಕುವುದು. ಮಕ್ಕಳು ಮಲಗಿದ ಕೂಡಲೇ ಬರುವ ಹೊತ್ತು ನಮ್ಮದು. ಪಾತ್ರೆ, ಬಟ್ಟೆ ಮಡಿಸುವುದು, ನಾಳೆಯ ತಯಾರಿ ಎಲ್ಲ ಆಮೇಲೆ. ವಾರಕ್ಕೆ ಎರಡು ರಾತ್ರಿ ಹೀಗೆಂದು ಮೊದಲೇ ಗೊತ್ತು ಮಾಡಿಕೊಳ್ಳುತ್ತೇವೆ. ಮುಹೂರ್ತ ಇಡುವುದು ಬಾಗಿಲು ಹಾಕಿಕೊಂಡು ಇಬ್ಬರೇ ಇರುವುದಕ್ಕೆ ಮಾತ್ರ. ಕೂಡುವುದೋ ಬಿಡುವುದೋ ಒಳಗೆ ಹೋದ ಮೇಲಿನ ಮಾತು.

ಮೊದಲ ಗಂಟೆಯೇ ಯಾಕೆಂದರೆ ಮಕ್ಕಳ ನಿದ್ದೆ ಇರುವುದೇ ಹಾಗೆ. ಗಾಢ ನಿದ್ದೆಯ ಬಹುಪಾಲು ರಾತ್ರಿಯ ಮೊದಲ ಮೂರನೇ ಒಂದು ಭಾಗದಲ್ಲಿ ಬರುತ್ತದೆ. ಬೆಳಗಿನ ಜಾವದ್ದು ಕನಸು ಬೀಳುವ ತೆಳು ನಿದ್ದೆ. ಆ ಹೊತ್ತಿಗೆ ಮನೆ ನಿಶ್ಶಬ್ದವಾಗಿರುತ್ತದೆಂದು ಅನೇಕರು ಬೆಳಗಿನ ಜಾವವನ್ನೇ ಆರಿಸುತ್ತಾರೆ. ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಬೆಳಗ್ಗೆ ಹೆಚ್ಚಿರುವುದರಿಂದ ಅವರಿಗೆ ಅದು ಒಗ್ಗುತ್ತದೆ ಕೂಡ. ಆದರೆ ಸಣ್ಣ ಸದ್ದಿಗೂ ಮಗು ಎದ್ದು ಕೂರುವುದು ಆಗಲೇ. ಮಗು ಕಣ್ಣು ಮುಚ್ಚಿದ ತಕ್ಷಣ ಎದ್ದು ಬರಬಾರದು, 20 ನಿಮಿಷ ತಡೆಯಬೇಕು. ಉಸಿರು ಒಂದೇ ಸಮ ಆಗಿದೆಯೇ ನೋಡಿ, ಮಗುವಿನ ಕೈಯನ್ನು ಮೆಲ್ಲಗೆ ಒಂದಿಷ್ಟು ಎತ್ತಿ ಬಿಡಿ. ಕೈ ಸಡಿಲವಾಗಿ ಬಿದ್ದರೆ ನಿದ್ದೆ ಆಳಕ್ಕೆ ಇಳಿದಿದೆ. ಅಲ್ಲಿಂದ ಸುಮಾರು ಒಂದೂವರೆ ಗಂಟೆ ಸಾಮಾನ್ಯವಾಗಿ ತೊಂದರೆ ಇರುವುದಿಲ್ಲ. ನಿದ್ದೆಯಲ್ಲಿ ಕಿರುಚುವ, ನಡೆಯುವ ಮಕ್ಕಳ ವಿಷಯ ಬೇರೆ. ಅವೆಲ್ಲ ಈ ಗಾಢ ನಿದ್ದೆಯಿಂದ ಅರೆಬರೆ ಎದ್ದಾಗಲೇ ಆಗುವಂಥವು, ಹಾಗಾಗಿ ಅಂಥ ಮನೆಯಲ್ಲಿ ಕಿವಿ ಒಂದಿಷ್ಟು ಆ ಕಡೆಗಿರಬೇಕು.

ಮಕ್ಕಳು ಎಷ್ಟು ಹೊತ್ತಿಗೆ ಮಲಗುತ್ತಾರೆ ಎನ್ನುವುದನ್ನು ಅದೃಷ್ಟಕ್ಕೆ ಬಿಡದೆ ಹಿಂದಿನಿಂದ ಲೆಕ್ಕ ಹಾಕುವುದು ಒಳ್ಳೆಯದು. 3ರಿಂದ 5 ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ. ಬೆಳಗ್ಗೆ 6.30ಕ್ಕೆ ಏಳಬೇಕಾದ ಐದು ವರ್ಷದ ಮಗು ರಾತ್ರಿ 8ರ ಸುಮಾರಿಗೆ ಮಲಗಿದರೆ ಲೆಕ್ಕ ಸರಿಹೋಗುತ್ತದೆ. ಈಗ 10ಕ್ಕೆ ಮಲಗುತ್ತಿದ್ದರೆ ಒಂದೇ ರಾತ್ರಿಯಲ್ಲಿ 8ಕ್ಕೆ ತರಲು ಹೋಗಬೇಡಿ. ಎರಡು ಮೂರು ದಿನಕ್ಕೊಮ್ಮೆ 15 ನಿಮಿಷ ಹಿಂದಕ್ಕೆ ಸರಿಸುತ್ತಾ ಬನ್ನಿ. ಸಂಜೆ 4ರ ನಂತರದ ನಿದ್ದೆ ಇದನ್ನೆಲ್ಲ ಕೆಡಿಸುತ್ತದೆ. ರಜೆಯ ದಿನ ಎರಡು ಗಂಟೆ ತಡವಾಗಿ ಎಬ್ಬಿಸಿದರೂ ಹಾಗೇ. ಮಲಗಿಸುವ ಶಾಸ್ತ್ರ 30ರಿಂದ 45 ನಿಮಿಷದ್ದು, ದಿನವೂ ಅದೇ ಅನುಕ್ರಮ: ಹಲ್ಲುಜ್ಜುವುದು, ಒಂದಕ್ಕೆ ಹೋಗಿ ಬರುವುದು, ನೀರು, ಒಂದೇ ಒಂದು ಕಥೆ, ದೀಪ. ನೀರು ಮತ್ತು ಒಂದಕ್ಕೆ ಮರೆತರೆ ಕಾಲು ಗಂಟೆಯ ಮೇಲೆ ಬಾಗಿಲು ಬಡಿಯುವ ನೆಪಗಳು ಅವೇ.

ಮಲಗಿಸಲು ಹೋದವರು ಮಗುವಿಗಿಂತ ಮೊದಲು ನಿದ್ದೆ ಹೋಗುವುದು ಈ ಏರ್ಪಾಡಿನ ದೊಡ್ಡ ಶತ್ರು. ಪಕ್ಕದಲ್ಲಿ ಮಲಗಿಕೊಂಡು, ಕತ್ತಲಲ್ಲಿ, ಬೆನ್ನು ತಟ್ಟುತ್ತಾ ಇದ್ದರೆ ಯಾರಿಗಾದರೂ ಕಣ್ಣು ಮುಚ್ಚುತ್ತದೆ. ಆದ್ದರಿಂದ ಕೂತೇ ಮಲಗಿಸಬೇಕು, ಆ ಎರಡು ರಾತ್ರಿಗಳಲ್ಲಾದರೂ. ಹೆಚ್ಚು ದಣಿದವರು ಹೊರಗಿರಲಿ, ಇನ್ನೊಬ್ಬರು ಒಳಗೆ ಹೋಗಲಿ. ಹೊರಗಿರುವವರು ಹೊಸ ಕೆಲಸ ಹಚ್ಚಿಕೊಳ್ಳಬಾರದು. ಟೀವಿ ಹಾಕಿಕೊಂಡು ಕೂತರೆ ಧಾರಾವಾಹಿಯೋ ಪಂದ್ಯವೋ ಮುಗಿಯುವ ತನಕ ಏಳುವುದಿಲ್ಲ. ಸ್ಕೂಲ್ ಬ್ಯಾಗು, ಯೂನಿಫಾರಂ, ನಾಳೆಯ ಚೀಟಿಗೆ ಸಹಿ, ಇಂಥವನ್ನು ಮಕ್ಕಳು ಎದ್ದಿರುವಾಗಲೇ, ಅವರ ಕೈಯಿಂದಲೇ ಮುಗಿಸಿಬಿಡಬೇಕು. ಮನೆಯ ಲೆಕ್ಕವನ್ನೆಲ್ಲ ಒಬ್ಬರ ತಲೆಯೇ ಹೊತ್ತಿದ್ದರೆ ಆ ತಲೆಗೆ ಸರಸ ಹತ್ತುವುದಿಲ್ಲ. ಇದು ಬಯಕೆಯ ಕೊರತೆ ಅಲ್ಲ, ಕೆಲಸ ಹಂಚಿಕೆಯ ತೊಂದರೆ. ಲೇಹ್ಯ, ಗುಳಿಗೆಗಳಿಂದ ಸರಿಹೋಗುವಂಥದ್ದಲ್ಲ.

ಇನ್ನು ಕೋಣೆ. ಬಾಗಿಲಿಗೆ ಒಳಗಿನಿಂದ ಚಿಲಕ ಇರಲೇಬೇಕು, ಸದ್ದಿಲ್ಲದೆ ಸರಿಯುವಂಥದ್ದು. ಚಿಲಕಕ್ಕೂ ಬಾಗಿಲಿನ ಬಿಜಾಗರಿಗೂ ಆಗಾಗ ಎರಡು ತೊಟ್ಟು ಎಣ್ಣೆ ಬಿಡಿ. ಮಂಚ ಕಿರುಗುಟ್ಟುವುದು ಬಹುಪಾಲು ಸಡಿಲವಾದ ನಟ್ಟು ಬೋಲ್ಟುಗಳಿಂದ. ಹಾಸಿಗೆ ಎತ್ತಿ, ನಾಲ್ಕು ಮೂಲೆ ಬಿಗಿ ಮಾಡಿ, ಮರಕ್ಕೆ ಮರ ತಾಗುವಲ್ಲಿ ದಪ್ಪ ಬಟ್ಟೆಯೋ ರಬ್ಬರಿನ ತುಂಡೋ ಸಿಕ್ಕಿಸಿ. ಕಾಲುಗಳ ಕೆಳಗೂ ಒಂದೊಂದು. ತಲೆಗಡೆಯ ಹಲಗೆ ಗೋಡೆಗೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ. ಅಷ್ಟಕ್ಕೂ ಸದ್ದು ನಿಲ್ಲದಿದ್ದರೆ ನೆಲದ ಮೇಲೆ ಹಾಸಿಗೆ ಹಾಕುವುದೇ ಮೇಲು. ಬಾಗಿಲ ಕೆಳಗಿನ ಸಂದಿಗೆ ಟವೆಲ್ ಸುತ್ತಿಟ್ಟರೆ ಬೆಳಕೂ ಮಾತೂ ಹೊರಗೆ ಹೋಗುವುದು ಕಡಿಮೆಯಾಗುತ್ತದೆ. ಫ್ಯಾನಿನ ಒಂದೇ ಸಮನೆಯ ಸದ್ದು ಸಣ್ಣಪುಟ್ಟ ಸದ್ದನ್ನು ನುಂಗುತ್ತದೆ; ಹಾಡು ಹಾಕಿದರೆ ಹಾಡು ನಿಂತಾಗಲೇ ಮಗು ಏಳುತ್ತದೆ. ಬೇಕಾದ್ದೆಲ್ಲ ಕೈಗೆಟುಕುವಲ್ಲಿ ಇರಲಿ: ಟವೆಲ್, ಕುಡಿಯುವ ನೀರು, ಕಾಂಡೋಮ್, ಲೂಬ್ರಿಕೆಂಟ್. ಎಲ್ಲವೂ ಬೀಗವಿರುವ ಒಂದೇ ಡ್ರಾಯರ್‌ನಲ್ಲಿ. ಕೋಣೆಯ ತುಂಬ ತಡಕಾಡಿದರೆ ಬಂದ ಮನಸ್ಸು ವಾಪಸ್ ಹೋಗುತ್ತದೆ.

ಮಗು ನಿಮ್ಮ ಕೋಣೆಯಲ್ಲೇ ಮಲಗುತ್ತಿದ್ದರೆ ಮಗುವನ್ನು ಎತ್ತಿ ಸಾಗಿಸಬೇಡಿ, ನೀವೇ ಬೇರೆ ಕಡೆ ಹೋಗಿ. ಎಳೆ ಕೂಸು ಕನಿಷ್ಠ ಮೊದಲ ಆರು ತಿಂಗಳು ಹೆತ್ತವರ ಕೋಣೆಯಲ್ಲೇ, ಆದರೆ ತನ್ನದೇ ಪ್ರತ್ಯೇಕ ಹಾಸಿಗೆಯಲ್ಲಿ ಮಲಗಬೇಕೆಂದು ಮಕ್ಕಳ ವೈದ್ಯರು ಹೇಳುವುದರಿಂದ ಆಗಂತೂ ಇದೇ ದಾರಿ. ಪಕ್ಕದ ಕೋಣೆಗೋ ಹಾಲಿಗೋ ಹೋಗಿ, ಮಗುವಿನ ಕೋಣೆಯ ಬಾಗಿಲು ಅಳು ಕೇಳುವಷ್ಟು ಓರೆ ಇರಲಿ. ಮಗುವನ್ನು ಒಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕುವುದು ಯಾವ ವಯಸ್ಸಿನಲ್ಲೂ ಕೂಡದು.

ಹೆರಿಗೆಯ ನಂತರ ಎಷ್ಟು ದಿನ ಎಂಬುದಕ್ಕೆ ವೈದ್ಯರು ಸಾಮಾನ್ಯವಾಗಿ ಆರು ವಾರ ಎನ್ನುತ್ತಾರೆ. ರಕ್ತಸ್ರಾವ ನಿಲ್ಲಬೇಕು, ಹೊಲಿಗೆ ಮಾಗಬೇಕು, ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಬೇಕು. ಆರು ವಾರ ಆಯಿತೆಂದ ಮಾತ್ರಕ್ಕೆ ಮೈ ಸಿದ್ಧವಾಯಿತೆಂದಲ್ಲ. ಹಾಲೂಡಿಸುವ ತಾಯಿಯಲ್ಲಿ ಪ್ರೊಲ್ಯಾಕ್ಟಿನ್ ಏರಿರುತ್ತದೆ, ಈಸ್ಟ್ರೋಜೆನ್ ಇಳಿದಿರುತ್ತದೆ. ಯೋನಿ ಒಣಗಿದಂತಿರುತ್ತದೆ, ಬಯಕೆಯೂ ತಗ್ಗುತ್ತದೆ. ಅವಳಿಗೆ ಪ್ರೀತಿ ಕಡಿಮೆಯಾಯಿತೆಂದು ಗಂಡ ತಿಳಿಯುವುದು ಇಲ್ಲೇ, ಕಾರಣ ಮಾತ್ರ ಹಾರ್ಮೋನು. ದಿನವಿಡೀ ಕೂಸು ಮೈಮೇಲೆ ಇರುವುದರಿಂದ ಸಂಜೆಗೆ ಯಾರೂ ಮುಟ್ಟದಿದ್ದರೆ ಸಾಕು ಅನಿಸುವುದೂ ಉಂಟು. ಆ ದಿನಗಳಲ್ಲಿ ಅರ್ಧ ಗಂಟೆ ಮಗುವನ್ನು ಎತ್ತಿಕೊಂಡು ಆಚೆ ಹೋಗುವುದೇ ಗಂಡ ಮಾಡಬಹುದಾದ ಸರಸ. ಲೂಬ್ರಿಕೆಂಟ್ ನೀರು ಆಧಾರಿತವಾಗಿರಲಿ. ಎಣ್ಣೆ, ವ್ಯಾಸಲೀನ್ ಹಚ್ಚಿದರೆ ಲ್ಯಾಟೆಕ್ಸ್ ಕಾಂಡೋಮ್ ಬೇಗ ದುರ್ಬಲವಾಗಿ ಹರಿಯುತ್ತದೆ. ನೋವು ಮುಂದುವರಿದರೆ ಸಹಿಸಿಕೊಳ್ಳಬೇಡಿ, ಸ್ತ್ರೀರೋಗ ತಜ್ಞರಿಗೆ ತೋರಿಸಿ. ನೋವಿನ ನೆನಪು ಉಳಿದರೆ ಮುಂದಿನ ಸಲ ಮೈ ತಾನಾಗಿಯೇ ಬಿಗಿದುಕೊಳ್ಳುತ್ತದೆ.

ಮತ್ತೆ ಬಸಿರಾದರೆ ಎಂಬ ಭಯ ಎಷ್ಟೋ ಮಲಗುವ ಕೋಣೆಗಳನ್ನು ತಣ್ಣಗಾಗಿಸುತ್ತದೆ, ಬಾಯಿಬಿಟ್ಟು ಹೇಳುವವರು ಕಡಿಮೆ. ಹಾಲೂಡಿಸುತ್ತಿದ್ದರೆ ಬಸಿರಾಗುವುದಿಲ್ಲ ಎನ್ನುವುದು ಮೂರು ಷರತ್ತೂ ಕೂಡಿದಾಗ ಮಾತ್ರ ನಂಬಬಹುದಾದ ಮಾತು: ಮಗುವಿಗೆ ಆರು ತಿಂಗಳು ತುಂಬಿರಬಾರದು, ಮುಟ್ಟು ಮರಳಿರಬಾರದು, ಹಗಲೂ ರಾತ್ರಿಯೂ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು. ಮೊದಲ ಮುಟ್ಟಿಗೆ ಮುಂಚೆಯೇ ಅಂಡ ಬಿಡುಗಡೆಯಾಗಬಹುದಾದ್ದರಿಂದ ಮುಟ್ಟು ಬರಲಿ ನೋಡೋಣ ಎಂದು ಕಾಯುವುದು ಅಪಾಯ. ಈಸ್ಟ್ರೋಜೆನ್ ಇರುವ ಗುಳಿಗೆಯನ್ನು ಹೆರಿಗೆಯ ನಂತರದ ಮೊದಲ ವಾರಗಳಲ್ಲಿ ಕೊಡುವುದಿಲ್ಲ, ರಕ್ತ ಹೆಪ್ಪುಗಟ್ಟುವ ಅಪಾಯವಿದೆ. 380ಎ ಮಾದರಿಯ ಕಾಪರ್-ಟಿ 10 ವರ್ಷ ಕೆಲಸ ಮಾಡುತ್ತದೆ. ಮಕ್ಕಳಾಗದಂತೆ ಮಾಡುವ ಗಂಡಸರ ಶಸ್ತ್ರಚಿಕಿತ್ಸೆ ಹೆಂಗಸರದ್ದಕ್ಕಿಂತ ಚಿಕ್ಕದು. ಆದರೆ ಆದ ಮೇಲೆ ಸುಮಾರು ಮೂರು ತಿಂಗಳು, ವೀರ್ಯ ಪರೀಕ್ಷೆಯಲ್ಲಿ ವೀರ್ಯಾಣು ಇಲ್ಲವೆಂದು ಖಾತ್ರಿಯಾಗುವ ತನಕ, ಕಾಂಡೋಮ್ ಬಿಡುವಂತಿಲ್ಲ.

ಬಾಗಿಲು ಹಾಕಿಕೊಂಡ ಮೇಲೆ ಏನು? ಇಬ್ಬರಿಗೂ ಬಯಕೆ ಹುಟ್ಟಲಿ ಎಂದು ಕಾದರೆ ತಿಂಗಳು ಕಳೆಯುತ್ತದೆ. ಬಹಳ ಜನರಲ್ಲಿ ಬಯಕೆ ಮೊದಲು ಬರುವುದಿಲ್ಲ, ಸ್ಪರ್ಶ ಶುರುವಾಗಿ ಹಿತವಾದ ಮೇಲೆ ಬರುತ್ತದೆ. ಕೆನಡಾದ ವೈದ್ಯೆ ರೋಸ್‌ಮೇರಿ ಬ್ಯಾಸನ್ 2000ದಲ್ಲಿ ಹೆಂಗಸರ ಬಯಕೆಯನ್ನು ಹೀಗೆ ವಿವರಿಸಿದರು. ಎಷ್ಟೋ ವರ್ಷ ಜೊತೆಗಿದ್ದ ಗಂಡಸರಿಗೂ ಇದು ಸಲ್ಲುತ್ತದೆ ಎಂಬುದು ನಮ್ಮ ಅಭಿಪ್ರಾಯ. ಮೊದಲ ಕಾಲು ಗಂಟೆ ಸ್ಕೂಲ್ ಫೀಸು, ಸಾಲದ ಕಂತು, ನೆಂಟರ ಸುದ್ದಿ ಎತ್ತುವಂತಿಲ್ಲ, ಫೋನ್ ಹೊರಗೇ. ತುಂಬ ದಿನ ದೂರವಿದ್ದವರಿಗೆ ಅಮೆರಿಕದ ಲೈಂಗಿಕ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ ರೂಪಿಸಿದ ಸ್ಪರ್ಶದ ಅಭ್ಯಾಸ ಚೆನ್ನಾಗಿ ಹೊಂದುತ್ತದೆ. ಒಬ್ಬರು 15 ನಿಮಿಷ ಇನ್ನೊಬ್ಬರ ಬೆನ್ನು, ತೋಳು, ಕಾಲು, ಮುಖ ನಿಧಾನವಾಗಿ ಮುಟ್ಟುವುದು, ಆಮೇಲೆ ಅದಲುಬದಲು. ಶುರುವಿನ ಕೆಲವು ಸಲ ಎದೆ, ಜನನಾಂಗ ಮುಟ್ಟುವಂತಿಲ್ಲ, ಸಂಭೋಗವೂ ಇಲ್ಲ. ಇಷ್ಟಕ್ಕೇ ನಿಲ್ಲುತ್ತದೆಂದು ಮೊದಲೇ ಗೊತ್ತಿರುವುದರಿಂದ ಮೈ ಸಡಿಲವಾಗುತ್ತದೆ. ಮುಟ್ಟಿಸಿಕೊಳ್ಳುವವರ ಕೆಲಸ ಒಂದೇ, ಎಲ್ಲಿ ಹಿತ, ಎಲ್ಲಿ ಬೇಡ ಎಂದು ಹೇಳುವುದು.

ಬೇಡ ಎಂದರೆ ಬೇಡವೇ. ಮುನಿಸು, ಗೊಣಗಾಟ, ಮರುದಿನದ ಚುಚ್ಚುಮಾತು ಒಂದು ಸಲ ಬಂದರೂ ಮುಂದಿನ ಸಲ ಒಪ್ಪಿಗೆ ಭಯದಿಂದ ಬರುತ್ತದೆ, ಅಂಥ ಒಪ್ಪಿಗೆ ಯಾರಿಗೂ ಸುಖ ಕೊಡುವುದಿಲ್ಲ. ಎಷ್ಟು ಸಲ ಎಂಬ ಲೆಕ್ಕವನ್ನೂ ಬಿಡಬಹುದು. 2015ರಲ್ಲಿ ಪ್ರಕಟವಾದ ಅಮೆರಿಕದ 30,000ಕ್ಕೂ ಹೆಚ್ಚು ಜನರ ಮಾಹಿತಿಯ ಅಧ್ಯಯನದಲ್ಲಿ, ಜೋಡಿಯಾಗಿರುವವರ ಸಂತೋಷ ವಾರಕ್ಕೊಮ್ಮೆಯ ತನಕ ಏರಿ, ಅದಕ್ಕಿಂತ ಹೆಚ್ಚಾದಾಗ ಮತ್ತೆ ಏರಲಿಲ್ಲ. ಅದೇ ವರ್ಷದ ಇನ್ನೊಂದು ಪ್ರಯೋಗದಲ್ಲಿ ಕೆಲವು ದಂಪತಿಗಳಿಗೆ ಸಲಗಳನ್ನು ಇಮ್ಮಡಿ ಮಾಡಲು ಹೇಳಿದರು. ಅವರ ಸಂತೋಷ ಹೆಚ್ಚಲಿಲ್ಲ, ಒಂದಿಷ್ಟು ಕುಗ್ಗಿತು. ಹೇಳಿಸಿಕೊಂಡು ಮಾಡುವುದರಲ್ಲಿ ರುಚಿ ಕೆಡುವುದು ಸಹಜವೇ. ಬಯಕೆ ಇದ್ದಕ್ಕಿದ್ದಂತೆ ಕುಸಿದರೆ ಹೊಸ ಔಷಧಿಯ ಕಡೆ ಕಣ್ಣು ಹಾಯಿಸಿ. ಖಿನ್ನತೆಗೆ ಕೊಡುವ ಕೆಲವು ಗುಳಿಗೆಗಳಿಗೆ ಈ ಗುಣವಿದೆ. ನೀವಾಗಿಯೇ ನಿಲ್ಲಿಸದೆ ಬರೆದುಕೊಟ್ಟ ವೈದ್ಯರನ್ನೇ ಕೇಳಿ. ಗಂಡಸಿಗೆ ನಿಮಿರುವಿಕೆಯ ತೊಂದರೆ ಹಲವು ವಾರ ಉಳಿದರೆ ಸಕ್ಕರೆ ಮತ್ತು ರಕ್ತದೊತ್ತಡ ನೋಡಿಸಿ.

ಚಿಲಕ ಮರೆತ ರಾತ್ರಿ ಮಗು ಬಾಗಿಲಲ್ಲಿ ನಿಂತಿತೆನ್ನಿ. ಕೂಗಬೇಡಿ, ಬೈಯಬೇಡಿ. ಹೊದಿಕೆ ಎಳೆದುಕೊಂಡು, ಎಂದಿನ ದನಿಯಲ್ಲಿ "ಒಂದು ನಿಮಿಷ ಪುಟ್ಟ, ಆಚೆ ಇರು, ಬರ್ತೀನಿ" ಅನ್ನಿ. ಒಬ್ಬರು ಬಟ್ಟೆ ಹಾಕಿಕೊಂಡು ಹೋಗಿ, ಏನು ಬೇಕಿತ್ತೆಂದು ಕೇಳಿ, ಮಲಗಿಸಿ. ಮೂರು ನಾಲ್ಕು ವರ್ಷದ ಮಗುವಿಗೆ ಅದು ಜಗಳದಂತೆ, ಅಪ್ಪ ಅಮ್ಮನಿಗೆ ನೋವು ಮಾಡುತ್ತಿರುವಂತೆ ಕಂಡಿರಬಹುದು. ಮರುದಿನ "ರಾತ್ರಿ ಏನು ನೋಡಿದೆ?" ಎಂದು ಕೇಳಿ, ಮಗು ಕೇಳಿದಷ್ಟಕ್ಕೇ ಉತ್ತರ ಕೊಡಿ: "ಯಾರಿಗೂ ನೋವಾಗಿಲ್ಲ, ನಾವು ಅಪ್ಪಿಕೊಂಡಿದ್ವಿ, ಅದು ದೊಡ್ಡವರ ಪ್ರೀತಿ." ಎಂಟು ಹತ್ತು ವರ್ಷದ ಮಗುವಾದರೆ ದೇಹದ ಬಗ್ಗೆ ನೇರ ಮಾತಾಡಲು ಅದೇ ಸಮಯ. ಬಾಗಿಲು ತಟ್ಟಿ ಬರುವ ಅಭ್ಯಾಸವನ್ನು ಮೂರು ವರ್ಷದಿಂದಲೇ ಆಟದ ಹಾಗೆ ಕಲಿಸಬಹುದು, ಮಕ್ಕಳ ಬಾಗಿಲನ್ನು ನೀವೂ ತಟ್ಟಿದರೆ ಬೇಗ ಕಲಿಯುತ್ತಾರೆ.

ಹದಿಹರೆಯ ಬಂದಾಗ ಮೊದಲ ಗಂಟೆಯ ಈ ಲೆಕ್ಕ ಮುರಿದು ಬೀಳುತ್ತದೆ. ಪ್ರಾಯಕ್ಕೆ ಬರುವಾಗ ದೇಹದ ಗಡಿಯಾರವೇ ಮುಂದಕ್ಕೆ ಸರಿಯುವುದರಿಂದ ಅವರಿಗೆ 11ರ ತನಕ ನಿದ್ದೆ ಸುಳಿಯುವುದಿಲ್ಲ, ಅವರು ಮಲಗುವಷ್ಟರಲ್ಲಿ ಅಪ್ಪ ಅಮ್ಮ ಗೊರಕೆ ಹೊಡೆಯುತ್ತಿರುತ್ತಾರೆ. ಆಗ ರಾತ್ರಿಯನ್ನು ಬಿಟ್ಟು ಹಗಲಿಗೆ ಬರಬೇಕು. ಅವರು ಟ್ಯೂಷನ್‌ಗೋ ಆಟಕ್ಕೋ ಹೋಗುವ ಹೊತ್ತನ್ನು ವಾರದ ಶುರುವಿನಲ್ಲೇ ಗುರುತು ಹಾಕಿಕೊಳ್ಳಿ. ಹೋಗಿ ಬರುವುದಕ್ಕೆ 90 ನಿಮಿಷವಾದರೆ ನಿಮ್ಮದು 50 ಎಂದಿಟ್ಟುಕೊಳ್ಳಿ, ಮರೆತ ಪುಸ್ತಕಕ್ಕೆಂದು ಮಕ್ಕಳು ಮೊದಲ 20 ನಿಮಿಷದಲ್ಲೇ ಹಿಂದಿರುಗುವುದುಂಟು. ರಜೆಯ ಬೆಳಗ್ಗೆ ಅವರು ತಡವಾಗಿ ಏಳುವ ಒಂದೆರಡು ಗಂಟೆಯೂ ಈಗ ನಿಮ್ಮ ಪಾಲಿಗೆ ಬರುತ್ತದೆ. ಚಿಲಕದ ಸದ್ದು ಕೇಳಿದರೆ ಅವರಿಗೆ ಅರ್ಥವಾಗದೆ ಇರುವುದಿಲ್ಲ. ನಾಚಿಕೊಂಡು ನೆಪ ಹೇಳುವ ಬದಲು "ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಬೇಕು, ಏನಾದರೂ ಬೇಕಿದ್ದರೆ ಬಾಗಿಲು ತಟ್ಟು" ಎಂದರೆ ಸಾಕು. ಹೆಚ್ಚಿನ ಮಕ್ಕಳು ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾರೆ.