ತಾರಸಿ ತೋಟದ ಭಾರ: ನಾನು ತೂಗಿ ನೋಡಿದ ಲೆಕ್ಕ

ನನ್ನ ತಾರಸಿಯ ಮೇಲೆ ತೋಟ ಸಾಧ್ಯವೇ ಇಲ್ಲ ಅಂದವರಲ್ಲಿ ಇಬ್ಬರು ಈಗ ನನ್ನ ಪೆಟ್ಟಿಗೆ ಕೇಳಿ ಪಡೆದು ತಮ್ಮ ತಾರಸಿ ಲೆಕ್ಕ ಹಾಕಿಕೊಂಡಿದ್ದಾರೆ. ಪೆಟ್ಟಿಗೆ ಅಂದರೆ ಗಿಡ ನೆಡುವ ಮಿಶ್ರಣ ತುಂಬಿ, ನೆನೆಸಿ ತೂಗಲು ಮಾಡಿದ ಪ್ಲೈವುಡ್‌ನದ್ದು. ಒಳ ಅಳತೆ 50 ಸೆಂಟಿಮೀಟರ್‌ಗೆ 50, ಎತ್ತರ 12, ತಳದ ತುಂಬ ತೂತು. ಇದು ಮತ್ತು ಕೊಕ್ಕೆಗೆ ನೇತುಹಾಕುವ ಒಂದು ತಕ್ಕಡಿ, ಇಷ್ಟೇ ನನ್ನ ಬಂಡವಾಳ. ರೂಟ್ ಬ್ಯಾರಿಯರ್ (ಬೇರು ಸ್ಲ್ಯಾಬ್‌ಗೆ ಇಳಿಯದಂತೆ ತಡೆಯುವ ಹಾಳೆ), ಡ್ರೇನ್ ಬೋರ್ಡ್ (ಮಿಶ್ರಣದಡಿ ನೀರು ಹರಿಸುವ ಹಲಗೆ) ಇವೆಲ್ಲದರ ವಿವರ ಇಲ್ಲಿ ಬೇಡ. ತೂಕದ ವಿಷಯ ಮಾತ್ರ ಹೇಳುತ್ತೇನೆ.

ಮೊದಲು ಬಂದ ಇಂಜಿನಿಯರ್ ನಿಂತಲ್ಲೇ ಲೆಕ್ಕ ಹಾಕಿದರು. ಒದ್ದೆ ಮಣ್ಣು ಘನ ಮೀಟರ್‌ಗೆ 2000 ಕೆಜಿ. 20 ಸೆಂಟಿಮೀಟರ್ ದಪ್ಪ ಹಾಕಿದರೆ ಚದರ ಮೀಟರ್‌ಗೆ 400 ಕೆಜಿ. ಅದರ ಮೇಲೆ ಗಿಡ, ಜನ. ಸ್ಲ್ಯಾಬ್ ಕೆಳಗೆ ಸ್ಟೀಲ್ ಬೀಮ್ ಕೊಡದೆ ಆಗಲ್ಲ ಅಂದರು. ಬೀಮ್ ಕೊಡಲು ಕೇಳಿದ ದುಡ್ಡು ನನ್ನ ಇಡೀ ತೋಟದ ಬಜೆಟ್‌ನ ಸುಮಾರು ಮೂರು ಪಟ್ಟು. ಅವರ ಅಂಕಿ ಸುಳ್ಳಲ್ಲ. ತೋಟದ ಮಣ್ಣು ಪೂರ್ತಿ ನೆನೆದರೆ 1800ರಿಂದ 2000 ಇದ್ದೇ ಇರುತ್ತದೆ. ಆದರೆ ನಾನು ತೋಟದ ಮಣ್ಣು ಹಾಕಲು ಹೊರಟಿರಲಿಲ್ಲ, 20 ಸೆಂಟಿಮೀಟರ್ ಕೂಡ ಬೇಕಿರಲಿಲ್ಲ.

ಇನ್ನೊಂದು ಕಡೆ, ಮಣ್ಣಿನ ಬದಲು ಹಾಕುವ ಹಗುರ ಮಿಶ್ರಣ ಮಾರುವವರು ಚೀಲದ ಮೇಲೆ ಬರೆಯುವುದು ಒಣ ತೂಕ. ಅದನ್ನು ನಂಬಿದರೆ ಮನೆ ಹಾಳು. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತನ್ನ ತೂಕದ ಹಲವು ಪಟ್ಟು ನೀರು ಹೀರುತ್ತದೆ. ಒಣಗಿದ್ದಾಗಿನ ತೂಕ ಇಟ್ಟುಕೊಂಡು ಏನು ಮಾಡುವುದು? ಗಾಳಿಗೆ ಹಾರಿ ಹೋಗುತ್ತದೋ ಇಲ್ಲವೋ ನೋಡಲು ಮಾತ್ರ ಅದು ಬೇಕು.

ಹಾಗಾಗಿ ನಮ್ಮದನ್ನು ನಾವೇ ತೂಗಬೇಕು. ಇದಕ್ಕೆ ಅಮೆರಿಕದ ಮಾನಕ ಸಂಸ್ಥೆ ಎಎಸ್‌ಟಿಎಂನ ಇ2399 ಅಂತ ಪರೀಕ್ಷಾ ವಿಧಾನವೇ ಇದೆ, ತಾರಸಿ ತೋಟಗಳಿಗೆಂದೇ ಇರುವ ಜರ್ಮನಿಯ ಎಫ್‌ಎಲ್‌ಎಲ್ ಮಾರ್ಗಸೂಚಿಯೂ ಇದೆ. ಲ್ಯಾಬ್‌ಗೆ ಕೊಟ್ಟರೆ ಪ್ರತಿ ಮಿಶ್ರಣಕ್ಕೂ ಬೇರೆ ಫೀಸು. ಹತ್ತಾರು ಮಿಶ್ರಣ ನೋಡಬೇಕು ಅಂದರೆ ಜೇಬು ಖಾಲಿ. ನಾನು ಪೆಟ್ಟಿಗೆಯಲ್ಲಿ ಆಯ್ಕೆ ಮುಗಿಸಿ, ಗೆದ್ದ ಒಂದನ್ನು ಮಾತ್ರ ಲ್ಯಾಬ್‌ಗೆ ಕಳಿಸಿದೆ.

ಪೆಟ್ಟಿಗೆಯ ಅಳತೆ ಸುಮ್ನೆ ಆರಿಸಿದ್ದಲ್ಲ. 50ಕ್ಕೆ 50 ಅಂದರೆ ಕಾಲು ಚದರ ಮೀಟರ್. ಬಂದ ತೂಕವನ್ನು ನಾಲ್ಕರಿಂದ ಗುಣಿಸಿದರೆ ಮುಗಿಯಿತು, ಸಾಂದ್ರತೆಯ ಗೊಡವೆಯೇ ಇಲ್ಲ. ಎತ್ತರವೂ ತಾರಸಿಯಲ್ಲಿ ಹಾಕುವ ದಪ್ಪದಷ್ಟೇ ಇರಬೇಕು. ಬಹಳ ಜನ ಬಕೆಟ್‌ನಲ್ಲಿ ನೆನೆಸಿ ತೂಗುತ್ತಾರೆ. ಅಲ್ಲೇ ಎಡವಟ್ಟು. ನೀರು ಬಸಿದ ಮೇಲೂ ತಳದಲ್ಲಿ ಕೆಲವು ಸೆಂಟಿಮೀಟರ್ ಎತ್ತರ ಪೂರ್ತಿ ಒದ್ದೆಯಾಗಿಯೇ ಉಳಿಯುತ್ತದೆ. ಮಿಶ್ರಣ 30 ಸೆಂಟಿಮೀಟರ್ ಇರಲಿ, 12 ಇರಲಿ, ಆ ಒದ್ದೆ ಪಟ್ಟಿ ಹೆಚ್ಚು ಕಡಿಮೆ ಅಷ್ಟೇ. ಅಂದರೆ ತೆಳು ಹಾಸಿನಲ್ಲಿ ಲೀಟರ್‌ಗೆ ಲೀಟರ್ ನೀರು ಜಾಸ್ತಿ. ಒಂದೇ ಮಿಶ್ರಣ ಆಳದ ಬಕೆಟ್‌ನಲ್ಲಿ ನೂರಕ್ಕೆ ಹತ್ತರಷ್ಟು ಹಗುರ ಅಂತ ತೋರಿಸಿತು. ಬಕೆಟ್ ಲೆಕ್ಕ ನಂಬಿದವರು ಅಷ್ಟು ಭಾರವನ್ನು ಗೊತ್ತಿಲ್ಲದೆ ಸ್ಲ್ಯಾಬ್ ಮೇಲೆ ಹೊರಿಸುತ್ತಾರೆ.

ತೂಗುವ ಕ್ರಮ ಹೀಗೆ. ಖಾಲಿ ಪೆಟ್ಟಿಗೆ 4 ಕೆಜಿ ಚಿಲ್ಲರೆ. ತಳಕ್ಕೆ ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ) ಹಾಸಿ, ಮಿಶ್ರಣವನ್ನು ಮೂರು ಪದರದಲ್ಲಿ ತುಂಬಿ, ಪ್ರತಿ ಪದರವನ್ನೂ ಹಲಗೆಯಿಂದ ಒತ್ತಬೇಕು. ಒತ್ತದಿದ್ದರೆ ತೂಕ ಕಡಿಮೆ ಬರುತ್ತದೆ, ನಾಲ್ಕು ಮಳೆ ಬಿದ್ದ ಮೇಲೆ ಹಾಸು ಕುಗ್ಗಿ ಮತ್ತೆ ಚೀಲ ತಂದು ಸುರಿಯಬೇಕಾಗುತ್ತದೆ. ಆಮೇಲೆ ತೊಟ್ಟಿಯಲ್ಲಿ ಕೆಳಗಿನಿಂದ ನಿಧಾನಕ್ಕೆ ನೀರೇರಿಸಿ ಒಂದು ದಿನ ನೆನೆಹಾಕುವುದು. ಎತ್ತಿದ ತಕ್ಷಣ ಒಮ್ಮೆ ತೂಕ, ಎರಡು ಗಂಟೆ ಬಸಿದ ಮೇಲೆ ಇನ್ನೊಮ್ಮೆ. ಬಸಿದ ಮೇಲಿನದು ಡೆಡ್ ಲೋಡ್, ಅಂದರೆ ಕಾಯಂ ಭಾರ. ಮಳೆ ಹೊಡೆಯುವಾಗ ಡ್ರೇನ್ ಪದರದಲ್ಲಿ ತುಂಬಿ ಹರಿದುಹೋಗುವ ನೀರನ್ನು ಎಎಸ್‌ಟಿಎಂ ಇ2397 ಲೈವ್ ಲೋಡ್ (ಬಂದು ಹೋಗುವ ಭಾರ) ಕಡೆಗೆ ಹಾಕುತ್ತದೆ. ನಾನೂ ಹಾಗೇ ಬೇರೆ ಬೇರೆ ಬರೆದೆ.

ತೋಟದ ಮಣ್ಣು ತುಂಬಿದಾಗ ಪೆಟ್ಟಿಗೆ ಬಿಟ್ಟು 56, 57 ಕೆಜಿ ಬಂತು. ಚದರ ಮೀಟರ್‌ಗೆ 225ರ ಮೇಲೆ. ಅದು ಅಲ್ಲಿಗೇ ಬಿತ್ತು. ಪರ್ಲೈಟ್ (ಕಾಯಿಸಿ ಅರಳಿಸಿದ ಹಗುರ ಕಲ್ಲಿನ ಕಾಳು) ಜಾಸ್ತಿ ಹಾಕಿದ ಮಿಶ್ರಣ 20 ಕೆಜಿಗೇ ನಿಂತಿತು. ಕುಣಿದಾಡುವಷ್ಟು ಖುಷಿ! ಅದನ್ನು ಹೊರಗಿಟ್ಟ ಮೇಲೆ ಒಂದು ಜೋರು ಮಳೆಗೆ ಪರ್ಲೈಟ್ ಎಲ್ಲ ತೇಲಿ ಮೇಲೆ ಬಂತು, ಮಂಡಕ್ಕಿ ಹರಡಿದ ಹಾಗೆ. ದುಬಾರಿ ಮಾಲು ಕಣ್ಣೆದುರಿಗೇ ಚರಂಡಿ ಸೇರಿತು. ಕೋಕೋಪೀಟ್ ಮತ್ತು ಕಾಂಪೋಸ್ಟ್ ಮಾತ್ರ ಇದ್ದದ್ದು ಕೆಲವೇ ತಿಂಗಳಲ್ಲಿ ಕೊಳೆತು ಮೂರನೇ ಒಂದು ಭಾಗ ಕುಸಿಯಿತು. ಕೊನೆಗೆ ಉಳಿದದ್ದು ಪ್ಯೂಮಿಸ್ (ತೂತು ತೂತಾದ ಹಗುರ ಜ್ವಾಲಾಮುಖಿ ಕಲ್ಲು) ಮುಖ್ಯವಾಗಿ, ಸ್ವಲ್ಪ ಕೋಕೋಪೀಟ್, ಸ್ವಲ್ಪ ಕಾಂಪೋಸ್ಟ್ ಮತ್ತು ಇನ್ನೊಂದು ಪದಾರ್ಥ. ಆ ನಾಲ್ಕನೆಯದು ಏನು, ಅನುಪಾತ ಎಷ್ಟು ಅಂತ ಕೇಳಬೇಡಿ. ಅಷ್ಟು ಖರ್ಚು ಮಾಡಿ ಹುಡುಕಿದ್ದು, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಒಣಗಿದ್ದಾಗ 13 ಕೆಜಿ, ನೆನೆದು ಬಸಿದ ಮೇಲೆ 27. ಅಂದರೆ ಚದರ ಮೀಟರ್‌ಗೆ 108. ಲೆಕ್ಕಕ್ಕೆ 120 ಹಿಡಿದೆ. ಲ್ಯಾಬ್‌ನಿಂದ ಬಂದ ಅಂಕಿ ನನ್ನದಕ್ಕಿಂತ ಚೂರು ಹೆಚ್ಚು, ಆದರೂ 120ರ ಒಳಗೇ ಇತ್ತು.

ಇಷ್ಟಾದರೂ ಎರಡನೇ ಇಂಜಿನಿಯರ್ ಮೂಗು ಮುರಿದರು. ಡ್ರಾಯಿಂಗ್ ನೋಡಿ, ಸ್ಲ್ಯಾಬ್‌ನ ಕಂಬಿ ಅಳೆಸಿ, ತಾರಸಿಗೆ ಜನ ಓಡಾಡುವ ಲೈವ್ ಲೋಡ್ ಬಿಟ್ಟರೆ ಹೊಸದಾಗಿ ಹೇರಲು ಜಾಗವೇ ಇಲ್ಲ ಅಂದರು. ಲೈವ್ ಲೋಡ್ ಅನ್ನು ಮಣ್ಣಿಗೆ ಕೊಟ್ಟುಬಿಡಿ ಅಂತ ಸಲಹೆ ಕೊಡುವವರು ತುಂಬ ಜನ ಇದ್ದಾರೆ. ಅದನ್ನು ಮುಟ್ಟಬಾರದು. ಮಣ್ಣು ವರ್ಷಗಟ್ಟಲೆ ಅಲ್ಲೇ ಕೂತಿರುವ ಭಾರ. ಕಾಂಕ್ರೀಟು ಅಂಥ ಭಾರಕ್ಕೆ ನಿಧಾನಕ್ಕೆ ಬಾಗುತ್ತಲೇ ಹೋಗುತ್ತದೆ. ಮೊದಲ ದಿನದ ಬಾಗುವಿಕೆ ಕೊನೆಗೆ ಎರಡು ಮೂರು ಪಟ್ಟು ಆಗಬಹುದು. ಜನ ಬಂದು ಹೋಗುತ್ತಾರೆ, ಮಣ್ಣು ಹೋಗುವುದಿಲ್ಲ.

ಆಗ ನಾನು ಕಣ್ಣು ಹಾಕಿದ್ದು ತಾರಸಿಯ ಮೇಲೆ ಆಗಲೇ ಕೂತಿದ್ದ ಭಾರದ ಮೇಲೆ. ಟೈಲ್, ಅದರಡಿ ಗಾರೆ, ಅದರಡಿ ಇಳಿಜಾರಿಗೆ ಹಾಕಿದ ಕಾಂಕ್ರೀಟ್ ಪದರ, ಅಂದರೆ ಸ್ಕ್ರೀಡ್. ಕಟರ್‌ನಿಂದ 30ಕ್ಕೆ 30 ಸೆಂಟಿಮೀಟರ್ ಚೌಕ ಕೊಯ್ಯಿಸಿ, ಸ್ಲ್ಯಾಬ್ ಕಾಣುವವರೆಗೆ ಬಿಡಿಸಿ, ಚೂರು ಪುಡಿ ಎಲ್ಲ ಚೀಲಕ್ಕೆ ಗುಡಿಸಿ ತೂಗಿದೆ. 17 ಕೆಜಿ! ದಪ್ಪ 9 ಸೆಂಟಿಮೀಟರ್ ಹತ್ತಿರ. ಹನ್ನೊಂದರಿಂದ ಗುಣಿಸಿ ನೋಡಿ, ಚದರ ಮೀಟರ್‌ಗೆ 185ರ ಮೇಲಾಯಿತು. ಇಳಿಜಾರು ಅಂದ ಮೇಲೆ ದಪ್ಪ ಎಲ್ಲ ಕಡೆ ಒಂದೇ ಇರಲ್ಲ ಅಲ್ವಾ, ಹಾಗಾಗಿ ಬೇರೆ ಬೇರೆ ಕಡೆ ಕೊಯ್ಯಿಸಿ ಸರಾಸರಿ ತೆಗೆದೆ. ಎಲ್ಲಿ ಕೊಯ್ಯಬೇಕು ಅನ್ನುವುದರಲ್ಲೂ ಒಂದು ಉಪಾಯ ಇದೆ, ಅದು ಇನ್ನೊಮ್ಮೆ. ಸರಾಸರಿ 180ರ ಆಸುಪಾಸು ನಿಂತಿತು.

ಇದನ್ನೆಲ್ಲ ತೆಗೆದು, ಇಳಿಜಾರಿಗೆ ಗಟ್ಟಿ ಫೋಮ್ ಹಲಗೆ ಹಾಕಿದರೆ? ಫೋಮ್‌ನ ತೂಕ ಚದರ ಮೀಟರ್‌ಗೆ ಎರಡು ಮೂರು ಕೆಜಿ. ವಾಟರ್‌ಪ್ರೂಫಿಂಗ್, ರೂಟ್ ಬ್ಯಾರಿಯರ್, ಬಟ್ಟೆಗಳು ಸೇರಿ 10. ನೀರು ತುಂಬಿದ ಡ್ರೇನ್ ಬೋರ್ಡ್ 8. ಮಿಶ್ರಣ 120. ಬೆಳೆದ ಗಿಡ 15. ಒಟ್ಟು 155, 160. ತೋಟ ಮಾಡಿದ ಮೇಲೆ ಸ್ಲ್ಯಾಬ್ ಮೇಲಿನ ಕಾಯಂ ಭಾರ ಮೊದಲಿಗಿಂತ ಕಡಿಮೆ! ಕಾಗದ ನೋಡಿದ ಇಂಜಿನಿಯರ್ ಎರಡು ಸಲ ಕೂಡಿಸಿ, ಮಾತಾಡದೆ ಸಹಿ ಹಾಕಿದರು. ಈ ಖುಷಿ ನನಗೆ ಇನ್ನೂ ಇಳಿದಿಲ್ಲ.

ದುಡ್ಡಿನ ಮಾತು ಹೇಳಲೇಬೇಕು. ಒಡೆಯುವ ಕೂಲಿಗಿಂತ ಕಸ ಕೆಳಗಿಳಿಸಿ ಸಾಗಿಸುವ ಖರ್ಚು ಜಾಸ್ತಿ ಆಯಿತು. ಎರಡೂ ಸೇರಿ ಬಜೆಟ್‌ನ ಕಾಲು ಭಾಗ ನುಂಗಿತು. ಫೋಮ್ ಇನ್ನೊಂದಿಷ್ಟು ತಿಂದಿತು. ಆದರೂ ಸ್ಟೀಲ್ ಬೀಮ್‌ನ ಮುಂದೆ ಇದು ಚಿಲ್ಲರೆ.

ಕೆಲಸದ ದಿನಗಳೇ ನಿಜವಾದ ಅಪಾಯ. ಸಪ್ಲೈ ಮಾಡಿದವರ ಆಳುಗಳು 40 ಕೆಜಿಯ ಚೀಲಗಳನ್ನು ಸ್ಲ್ಯಾಬ್ ನಡುವೆ ಎದೆಯೆತ್ತರ ಪೇರಿಸಲು ಶುರುಮಾಡಿದ್ದರು. ಒಂದು ಚದರ ಮೀಟರ್‌ನಲ್ಲಿ 20 ಚೀಲ ಅಂದರೆ 800 ಕೆಜಿ. ಅದೂ ನಟ್ಟನಡುವೆ. ಅದೇ ಭಾರವನ್ನು ಸ್ಲ್ಯಾಬ್‌ನ ಒಂದು ಪಟ್ಟಿಯುದ್ದಕ್ಕೂ ಹರಡಿದರೆ ಆಗುವ ಬಾಗುವ ಒತ್ತಡದ ಎರಡು ಪಟ್ಟು ನಡುವೆ ಗುಡ್ಡೆ ಹಾಕಿದರೆ ಆಗುತ್ತದೆ. ಕೆಲಸ ನಿಲ್ಲಿಸಿ, ಎಲ್ಲ ಚೀಲವನ್ನೂ ಕಟ್ಟಡದ ಬೀಮ್ ಸಾಲಿನ ಮೇಲೆ ಒಂದೇ ಅಟ್ಟಕ್ಕೆ ಮಲಗಿಸಿದೆವು. ಒಡೆದ ಸ್ಕ್ರೀಡ್ ಚೂರಿಗೂ ಇದೇ ನಿಯಮ. ಗೋಡೆಯಾಚೆ ಆಸರೆಯಿಲ್ಲದೆ ಚಾಚಿದ ಕ್ಯಾಂಟಿಲಿವರ್ ಭಾಗಕ್ಕಂತೂ ಒಂದು ಚೀಲವೂ ಬೇಡ.

ಸ್ಲ್ಯಾಬ್ ಏನು ಹೇಳುತ್ತದೆ ಅಂತ ಕೇಳುವ ಹುಚ್ಚು ಹತ್ತಿ, ಕೆಳಗಿನ ಕೋಣೆಯಲ್ಲಿ ಕಂಬ ನಿಲ್ಲಿಸಿ ಡಯಲ್ ಗೇಜ್ (ಸ್ಲ್ಯಾಬ್ ಎಷ್ಟು ಬಾಗಿತು ಅಂತ ಮುಳ್ಳಿನಿಂದ ತೋರಿಸುವ ಸಾಧನ) ಕಟ್ಟಿದ್ದೆ. ಮೊದಮೊದಲು ಮುಳ್ಳು ಮಧ್ಯಾಹ್ನ ಒಂದು ಕಡೆ, ರಾತ್ರಿ ಇನ್ನೊಂದು ಕಡೆ. ಬಿಸಿಲಿಗೆ ಮೇಲ್ಭಾಗ ಹಿಗ್ಗಿ ಸ್ಲ್ಯಾಬ್ ಮೇಲಕ್ಕೆ ಉಬ್ಬುತ್ತದೆ. ಸೂರ್ಯ ಹುಟ್ಟುವ ಮುಂಚೆ ಮಾತ್ರ ಓದಲು ಶುರುಮಾಡಿದ ಮೇಲೆ ಅಂಕಿ ಹತೋಟಿಗೆ ಬಂತು. ಸ್ಕ್ರೀಡ್ ತೆಗೆದಾಗ ಮುಳ್ಳು ಕೂದಲೆಳೆಯಷ್ಟು ಹಿಂದೆ ಸರಿಯಿತು. ವಾಟರ್‌ಪ್ರೂಫಿಂಗ್ ಪರೀಕ್ಷೆಗೆ 5 ಸೆಂಟಿಮೀಟರ್ ನೀರು ನಿಲ್ಲಿಸಿದಾಗ, ಅಂದರೆ ಚದರ ಮೀಟರ್‌ಗೆ 50 ಕೆಜಿ ಬಿದ್ದಾಗ, ಮುಂದೆ ಬಂತು, ನೀರು ಬಿಟ್ಟ ಮೇಲೆ ವಾಪಸ್ ಹೋಯಿತು. ವಾಪಸ್ ಹೋಗುವುದೇ ಮುಖ್ಯ.

ನೀರಿನ ಲೆಕ್ಕ ಯಾರೂ ಹಾಕುವುದಿಲ್ಲ. ಒಂದು ಮಿಲಿಮೀಟರ್ ನೀರು ಚದರ ಮೀಟರ್‌ಗೆ ಒಂದು ಕೆಜಿ. ಎಲೆ ಸಿಕ್ಕಿ ಪೈಪ್ ಕಟ್ಟಿಕೊಂಡು, ಮಿಶ್ರಣದ ಮೇಲೆ ಅಂಚಿನ ಗೋಡೆಯವರೆಗೆ 15 ಸೆಂಟಿಮೀಟರ್ ನೀರು ನಿಂತರೆ ಚದರ ಮೀಟರ್‌ಗೆ 150 ಕೆಜಿ ಏರಬಹುದು. ನಾನು ಇಷ್ಟು ದಿನ ಒದ್ದಾಡಿ ಉಳಿಸಿದ್ದೆಲ್ಲ ಒಂದೇ ರಾತ್ರಿಯಲ್ಲಿ ಖಾಲಿ. ಅದಕ್ಕೇ ಗೋಡೆಯಲ್ಲಿ, ಮಿಶ್ರಣದ ಮಟ್ಟಕ್ಕಿಂತ 3 ಸೆಂಟಿಮೀಟರ್ ಮೇಲೆ, ಕೈ ತೂರುವಷ್ಟು ದೊಡ್ಡ ತೂತು ಬಿಡಿಸಿದೆ. ಮೇಸ್ತ್ರಿಗೆ ಇದು ಹಿಡಿಸಲಿಲ್ಲ. ಗೋಡೆ ಚಂದ ಹಾಳಾಯಿತು ಅಂದರು. ಆಗಲಿ.

ಆ ಪ್ಲೈವುಡ್ ಪೆಟ್ಟಿಗೆಯ ಜೋಡಿ ಒಂದು ಈಗಲೂ ತಾರಸಿಯ ಹಾಸಿನ ನಡುವೆಯೇ ಹೂತಿದೆ, ಗಿಡ ಸಮೇತ. ದೊಡ್ಡ ಮಳೆ ಬಿಟ್ಟ ಎರಡು ಗಂಟೆಗೆ ಎತ್ತಿ ತೂಗುತ್ತೇನೆ. ಬೇರು, ಎಲೆ, ಪಾಚಿ ಎಲ್ಲ ಸೇರಿ, ಪೆಟ್ಟಿಗೆಯ ತೂಕ ಕಳೆದು, ಕಳೆದ ಬಾರಿ 30 ಕೆಜಿ ತೋರಿಸಿತು. ನಾಲ್ಕರಿಂದ ಗುಣಿಸಿದರೆ 120. ಗಿಡದ 15 ಬೇರೆಯಾಗಿ ಹಿಡಿದಿದ್ದರಿಂದ ಇನ್ನೂ ಜಾಗ ಇದೆ. 33 ದಾಟಿದರೆ ಗಿಡ ಕತ್ತರಿಸಿ ಮೇಲಿನ ಕಸ ಕೆರೆದು ತೆಗೆಯುವುದು ಅಂತ ಲೆಕ್ಕ ಇಟ್ಟುಕೊಂಡಿದ್ದೇನೆ.